ಕೆರೆ ಸರ್ಕಾರದ್ದು, ನೀರು ಬರುವ ನೆಲ ಯಾರದ್ದು?

(ಧಾರವಾಡದಲ್ಲಿ ಕೆರೆ ಕೆಲಸ ಮಾಡುವ ಗೆಳೆಯರು ಕರೆದಿದ್ದ ಸಭೆಯಲ್ಲಿ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಉಣಕಲ್ ಕೆರೆಯ ಅಂತರಗಂಗೆಯನ್ನು ನೀವೆಲ್ಲ ನೋಡಿದ್ದೀರಿ. ಮಷಿನ್ ಇಳಿಸುತ್ತಾರೆ, ಕಳೆ ಎಳೆದು ದಂಡೆಗೆ ಹಾಕುತ್ತಾರೆ, ಪೇಪರಿನಲ್ಲಿ ಫೋಟೋ ಬರುತ್ತದೆ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ನೀರು ಕಾಣದಷ್ಟು ಹಸಿರು ಮತ್ತೆ ಹಬ್ಬಿರುತ್ತದೆ. ಕೆಲಗೇರಿ ಕೆರೆಯ ಕತೆಯೂ ಇದೇ. ಅಂತರಗಂಗೆ ಬೆಳೆಯುವುದು ನೀರಿನಲ್ಲಿ ಸೇರಿದ ಸಾರಜನಕ, ರಂಜಕ ತಿಂದು. ಅದು ಬರುವುದು ಮೇಲಿನ ಬಡಾವಣೆಗಳ ಚರಂಡಿಯಿಂದ, ಗೊಬ್ಬರ ಸುರಿದ ಹೊಲಗಳಿಂದ. ಕಳೆ ಕಾಣುವುದು ಕೆರೆಯಲ್ಲಿ, ಅದಕ್ಕೆ ಊಟ ಹಾಕುವ ನೆಲ ಇರುವುದು ಕೆರೆಯ ಹೊರಗೆ. ಹಾಗಾಗಿ ಎಷ್ಟು ಸಲ ಮಷಿನ್ ಇಳಿಸಿದರೂ ಕಳೆ ಹೋಗುವುದಿಲ್ಲ.

ನಾನು ಜಮೀನಿನ ಕಾಗದಪತ್ರ ನೋಡುವ ವಕೀಲ. ಮೀನು, ಹಕ್ಕಿ, ನೀರಿನ ಗುಣದ ಬಗ್ಗೆ ನನಗಿಂತ ಚೆನ್ನಾಗಿ ಹೇಳುವವರು ಈ ಸಭೆಯಲ್ಲೇ ಇದ್ದಾರೆ. ನಾನು ಹೇಳಲು ಬಂದಿರುವುದು ಒಂದೇ ಮಾತು. ಕೆರೆ ಉಳಿಯಬೇಕಾದರೆ ಕೆರೆಗೆ ನೀರು ತರುವ ನೆಲದ ಮೇಲೆ ಊರಿನವರಿಗೆ ಕಾನೂನಿನ ಹಿಡಿತ ಬೇಕು. ಅದಕ್ಕೆ ಊರಿನವರದ್ದೇ ಒಂದು ಭೂ ಟ್ರಸ್ಟ್, ಅಂದರೆ ಊರಿನ ಪರವಾಗಿ ನೆಲ ಹಿಡಿದು ಕಾಯುವ ಸಂಸ್ಥೆ, ಬೇಕು. ಹೊಲದಲ್ಲಿ ಪ್ಲಾಟಿನ ಕಲ್ಲು ನೆಡುವ ಮೊದಲೇ ಬೇಕು.

ಒಂದು ಕಾಲದಲ್ಲಿ ಹುಬ್ಬಳ್ಳಿಗೆ ಉಣಕಲ್ ಕೆರೆಯ ನೀರು, ಧಾರವಾಡಕ್ಕೆ ಕೆಲಗೇರಿ ಕೆರೆಯ ನೀರು. 1955ರಲ್ಲಿ ನೀರಸಾಗರ ಜಲಾಶಯ ಬಂತು. ಆಮೇಲೆ ಸವದತ್ತಿಯಿಂದ ಮಲಪ್ರಭಾ ನೀರು ಬಂತು. ನಲ್ಲಿಗೆ ದೂರದ ನೀರು ಬಂದ ಮೇಲೆ ಹತ್ತಿರದ ಕೆರೆಯನ್ನು ಕಾಯುವ ಜರೂರು ಯಾರಿಗೂ ಉಳಿಯಲಿಲ್ಲ. ಕುಡಿಯುವ ನೀರಾಗಿದ್ದಾಗ ಕೆರೆಯ ಮೇಲ್ಭಾಗದಲ್ಲಿ ಯಾರಾದರೂ ಹೊಲಸು ಬಿಟ್ಟರೆ ಊರೇ ಜಗಳಕ್ಕೆ ನಿಲ್ಲುತ್ತಿತ್ತು. ಈಗ ದಂಡೆಯ ಮೇಲೆ ವಾಕಿಂಗ್ ಮಾಡುವವರು ವಾಸನೆ ಬಂದರೆ ದಾರಿ ಬದಲಿಸುತ್ತಾರೆ, ಅಷ್ಟೇ.

ಈಗ ಒಂದು ಉತಾರ ಓದೋಣ. ನಮ್ಮ ಕಡೆ ಪಹಣಿಗೆ ಉತಾರ ಅಂತೀವಲ್ಲ, ಅದೇ. ಬಹಳ ಜನ 9ನೇ ಕಾಲಂ ನೋಡಿ ಮಡಚಿ ಇಡುತ್ತಾರೆ. ಅಲ್ಲಿ ಮಾಲೀಕರ ಹೆಸರಿರುತ್ತದೆ. ಬ್ಯಾಂಕಿನವರು 11ನೇ ಕಾಲಂ ನೋಡುತ್ತಾರೆ. ಸಾಲ, ಬೋಜಾ ಅಲ್ಲಿರುತ್ತದೆ. ಕೆರೆ ಕಾಯುವವರು ನೋಡಬೇಕಾದದ್ದು 3ನೇ ಕಾಲಂ. ಅಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ 'ಫೂಟ್ ಖರಾಬ್' ಅಂತ ಎರಡು ಸಾಲು ಇರುತ್ತವೆ, ಅ ಮತ್ತು ಬ. 'ಅ' ಖರಾಬು ಅಂದರೆ ಉಳುಮೆಗೆ ಬಾರದ ಕಲ್ಲುನೆಲ, ಹೊಲದಲ್ಲಿನ ಮನೆ, ಕಣ ಇಂಥವು. 'ಬ' ಖರಾಬು ಅಂದರೆ ಸಾರ್ವಜನಿಕರಿಗೆ ಬಿಟ್ಟದ್ದು: ದಾರಿ, ಹಳ್ಳ, ಕಾಲುವೆ, ಸ್ಮಶಾನ. ಜಮೀನು ಯಾರ ಹೆಸರಿನಲ್ಲೇ ಇರಲಿ, ಅದರೊಳಗಿನ 'ಬ' ಖರಾಬು ಅವರದ್ದಲ್ಲ. ಮಾರುವ ಹಾಗಿಲ್ಲ, ಅದಕ್ಕೆ ಕಂದಾಯವೂ ಇಲ್ಲ.

ಈಗ ಗ್ರಾಮ ನಕಾಶೆಯನ್ನು ಪಕ್ಕಕ್ಕೆ ಹರಡಿ. ಧಾರವಾಡದ ಅಂಚಿನ ಒಂದು ಊರಿನ ನಕಾಶೆ ನನ್ನ ಕಣ್ಣ ಮುಂದಿದೆ, ಊರಿನ ಹೆಸರು ಬೇಡ. ಮಡ್ಡಿಯ ಕಡೆಯಿಂದ ಎರಡು ತೆಳು ಗೆರೆ ಜೋಡಿಯಾಗಿ ಇಳಿಯುತ್ತವೆ. ನಾಲ್ಕೈದು ಸರ್ವೆ ನಂಬರ್ ದಾಟುತ್ತವೆ, ಒಂದು ಕಡೆ ಇನ್ನೊಂದು ಸಣ್ಣ ಗೆರೆ ಬಂದು ಕೂಡುತ್ತದೆ, ಕೊನೆಗೆ ಕೆರೆಯ ಅಂಗಳಕ್ಕೆ ಮುಟ್ಟುತ್ತವೆ. ಅದು ಹಳ್ಳ. ಪ್ರತಿ ಸರ್ವೆ ನಂಬರಿನ ಉತಾರದಲ್ಲೂ ಅದಕ್ಕೆ ಅಷ್ಟಿಷ್ಟು ಗುಂಟೆ 'ಬ' ಖರಾಬು ಬರೆದಿದೆ. ಇದೇ ಜಾಗದ ಲೇಔಟ್ ನಕ್ಷೆ ನೋಡಿದರೆ ಆ ಡೊಂಕು ಗೆರೆ ಇಲ್ಲ. ಅದರ ಬದಲು ರಸ್ತೆಯ ಪಕ್ಕ ನೆಟ್ಟಗೆ ಎಳೆದ ಒಂದು ಗಟಾರಿನ ಗೆರೆ ಇದೆ. ಹಳ್ಳ ಇದ್ದಲ್ಲಿ ಪ್ಲಾಟು. ಗುಂಟೆಯ ಲೆಕ್ಕ ಮಾತ್ರ ಬೇರೆ ಎಲ್ಲೋ ಹೊಂದಿಸಿದ್ದಾರೆ.

ಅಲ್ಲಿ ಹೊಲ ಇದ್ದ ಅಜ್ಜ ಒಬ್ಬರು ನನಗೆ ಹೇಳಿದ್ದು: "ವಕೀಲ್ರ, ಹಳ್ಳ ಅಂದ್ರ ವರ್ಷಾನಗಟ್ಲೆ ಹರಿಯೂದಲ್ರಿ. ಮಳಿ ಬಂದಾಗ ಅಷ್ಟ. ಪ್ಯಾಟ್ಯಾಗಿಂದ ಬಂದವರಿಗೆ ಬ್ಯಾಸಗ್ಯಾಗ ತೋರಿಸಿದ್ರ ಅವರಿಗೆ ಅದು ತಗ್ಗಿನ ಗತೆ ಕಾಣ್ತೈತಿ." ನಮ್ಮ ಸೀಮೆಯ ಮುಖ್ಯ ತೊಡಕೇ ಇದು. ಬಯಲುಸೀಮೆಯ ಹಳ್ಳ ವರ್ಷದ ಹೆಚ್ಚು ದಿನ ಒಣಗಿರುತ್ತದೆ. ಕೊಳ್ಳುವವರು ಬರುವುದು ಒಣಗಿದ್ದಾಗ. ಧಾರವಾಡ ಇರುವುದು ನೀರು ಎರಡು ಕಡೆಗೆ ಇಳಿಯುವ ಏರಿನ ಮೇಲೆ. ಒಂದು ಪಾಲು ಶಾಲ್ಮಲೆಯ ಕಡೆ ಹೋಗಿ ಬೇಡ್ತಿ-ಗಂಗಾವಳಿಯಾಗಿ ಅರಬ್ಬಿ ಸಮುದ್ರ ಸೇರುತ್ತದೆ, ಇನ್ನೊಂದು ಪಾಲು ಬೆಣ್ಣಿಹಳ್ಳ, ತುಪ್ಪರಿಹಳ್ಳದ ಕಡೆ ಇಳಿದು ಮಲಪ್ರಭೆ ಸೇರುತ್ತದೆ. ಇಂಥ ಏರುನೆಲದ ಕೆರೆಗೆ ದೂರದಿಂದ ಬಂದು ತುಂಬುವ ನದಿ ಇಲ್ಲ. ಸುತ್ತಲಿನ ಹೊಲ, ಮಡ್ಡಿಗಳ ಮೇಲೆ ಬಿದ್ದ ಮಳೆಯೇ ಅದಕ್ಕೆ ಎಲ್ಲ.

ಹಾಗಾದರೆ ಕಾನೂನು ಏನು ಮಾಡುತ್ತಿದೆ? ಕಾನೂನು ಇಲ್ಲ ಅಂತಲ್ಲ. 2014ರ ಕೆರೆ ಕಾಯ್ದೆ ಇದೆ, ಅದರಡಿ ಈಗ ರಾಜ್ಯಕ್ಕೆ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಇದೆ. ಕೆರೆಯ ಗಡಿಯಿಂದ 30 ಮೀಟರ್ ಒಳಗೆ ಕಟ್ಟಡ ಕೂಡದು ಅಂತ ಆ ಕಾಯ್ದೆ ಹೇಳಿತು. 2025ರಲ್ಲಿ ಕೆರೆಯ ಅಳತೆ ನೋಡಿ ಈ ಅಂತರವನ್ನು ಕಡಿಮೆ ಮಾಡುವ ತಿದ್ದುಪಡಿ ಮಸೂದೆ ವಿಧಾನಮಂಡಲಕ್ಕೆ ಬಂತು. ಬೆಂಗಳೂರಿನ ಕೆರೆಗಳಿಗೆ ಹಸಿರು ನ್ಯಾಯಮಂಡಳಿ 2016ರಲ್ಲಿ 75 ಮೀಟರ್ ಅಂದಿತ್ತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2017ರ ಜೌಗುಪ್ರದೇಶ ನಿಯಮಗಳಂತೂ ಕುಡಿಯುವ ನೀರಿಗೆ, ನೀರಾವರಿಗೆ ಅಂತಲೇ ಮನುಷ್ಯರು ಕಟ್ಟಿದ ಕೆರೆಗಳನ್ನು ಹೊರಗಿಟ್ಟಿವೆ. ನಮ್ಮ ಭಾಗದ ಕೆರೆಗಳಲ್ಲಿ ಮನುಷ್ಯರು ಕಟ್ಟದೇ ಇದ್ದದ್ದು ಎಷ್ಟು, ನೀವೇ ಎಣಿಸಿ.

ಕೋರ್ಟುಗಳು ಒಳ್ಳೆಯ ಮಾತು ಹೇಳಿವೆ. 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಊರಿನ ಕೆರೆ, ಗೋಮಾಳ ಒತ್ತುವರಿಯಾಗಿದ್ದರೆ ಬಿಡಿಸಿ ಗ್ರಾಮದ ಬಳಕೆಗೆ ವಾಪಸ್ ಕೊಡಿ ಅಂತ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿತು. ಅದಕ್ಕೂ ಮೊದಲು 2006ರಲ್ಲಿ ತಿರುಪತಿಯ ಎರಡು ಕೆರೆಗಳ ಪ್ರಕರಣ ಬಂದಿತ್ತು. ಅವಿಲಾಲ, ಪೇರೂರು ಅಂತ. ಸರ್ಕಾರ ಕೆರೆಯ ಮಾಲೀಕ ಅಲ್ಲ, ಜನರ ಪರವಾಗಿ ಕಾಯುವವನು ಅಂತ ಕೋರ್ಟ್ ಸ್ಪಷ್ಟವಾಗಿ ಹೇಳಿತು. ಆದರೆ ಅಷ್ಟರಲ್ಲಿ ಮನೆಗಳು ಎದ್ದುಬಿಟ್ಟಿದ್ದವು. ಮುಂದೆ ಕಟ್ಟಬೇಡಿ, ಮಳೆನೀರು ಇಂಗಿಸಿ ಅಂತ ಷರತ್ತು ಹಾಕಿತೇ ಹೊರತು ಕಟ್ಟಿದ ಮನೆ ಕೆಡವಿಸಲಿಲ್ಲ. ನನಗೆ ಆ ತೀರ್ಪು ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಕೆರೆಯ ಕಡೆಯವರು ಗೆದ್ದರು, ಕೆರೆ ಮಾತ್ರ ಪೂರ್ತಿ ವಾಪಸ್ ಬರಲಿಲ್ಲ.

ಇನ್ನೊಂದು ಗಮನಿಸಿ. ಈ ತೀರ್ಪು, ಕಾಯ್ದೆ ಎಲ್ಲವೂ ಮಾತಾಡುವುದು ಸರ್ಕಾರದ ಹೆಸರಿನಲ್ಲಿರುವ ನೆಲದ ಬಗ್ಗೆ, ಹೆಚ್ಚೆಂದರೆ ಅದರ ಅಂಚಿನ ಒಂದು ಪಟ್ಟಿಯ ಬಗ್ಗೆ. ಅದರಾಚೆಗಿನ ಹೊಲ ಖಾಸಗಿ. ರೈತ ಎನ್‌ಎ ಮಾಡಿಸಬಹುದು, ಅಂದರೆ ಕೃಷಿಯೇತರ ಬಳಕೆಗೆ ಬದಲಿಸಬಹುದು; ಮಾರಬಹುದು. ಅವನ ಹಕ್ಕು ಅದು. ನಾವು ಬೋರ್ಡ್ ಹಿಡಿದು ನಿಂತರೆ ಅವನು ಯಾಕೆ ಕೇಳಬೇಕು? ಕೇಳಬೇಕು ಅಂದರೆ ಅವನ ಮುಂದೆ ಇನ್ನೊಂದು ದಾರಿ ಇಡಬೇಕು. ಭೂ ಟ್ರಸ್ಟ್ ಅಂದರೆ ಆ ಇನ್ನೊಂದು ದಾರಿ.

ಈ ವಿಚಾರ ವಿದೇಶದ್ದು ಅಂತ ಕೆಲವರು ಮೂಗು ಮುರಿಯುತ್ತಾರೆ. ಇದರ ಬೇರು ಎಲ್ಲಿದೆ ಅಂತ ಹೇಳುತ್ತೇನೆ, ಕೇಳಿ. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ದಲಿತ ಕುಟುಂಬಗಳು ವಿನೋಬಾ ಭಾವೆಯವರ ಮುಂದೆ ನಿಂತು ಉಳಲು 80 ಎಕರೆ ನೆಲ ಕೇಳಿದವು. ಸಭೆಯಲ್ಲಿದ್ದ ರಾಮಚಂದ್ರ ರೆಡ್ಡಿಯವರು ಎದ್ದು 100 ಎಕರೆ ಕೊಡುತ್ತೇನೆ ಅಂದರು. ಭೂದಾನ ಶುರುವಾದದ್ದು ಹಾಗೆ. ಅದರಿಂದ ಗ್ರಾಮದಾನ ಬೆಳೆಯಿತು: ಭೂಮಿಯ ಒಡೆತನ ಗ್ರಾಮಸಭೆಗೆ, ಉಳುಮೆ ರೈತನಿಗೆ, ಹೊರಗಿನವರಿಗೆ ಮಾರಾಟ ಇಲ್ಲ. 1957ರಲ್ಲಿ ಮೈಸೂರು ಹತ್ತಿರದ ಯಲವಾಲದಲ್ಲಿ ಎಲ್ಲ ಪಕ್ಷದವರೂ ಕೂತು ಗ್ರಾಮದಾನದ ಬಗ್ಗೆ ಮಾತಾಡಿದ್ದರು.

ಇತ್ತ ನಮ್ಮಲ್ಲಿ ಅದು ನಿಧಾನವಾಗಿ ತಣ್ಣಗಾಯಿತು. ಅತ್ತ ಅಮೆರಿಕದ ಜಾರ್ಜಿಯಾದಲ್ಲಿ ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದವರು ಗ್ರಾಮದಾನದ ಬಗ್ಗೆ ಓದಿದರು. ಮತ ಹಾಕಲು ಹೆಸರು ಬರೆಸಿದ್ದಕ್ಕೆ ಬಿಳಿಯ ಜಮೀನುದಾರರು ಒಕ್ಕಲುಗಳನ್ನು ಹೊರಹಾಕುತ್ತಿದ್ದ ಕಾಲ ಅದು. 1969ರಲ್ಲಿ ಚಾರ್ಲ್ಸ್ ಶೆರಾಡ್, ಶರ್ಲಿ ಶೆರಾಡ್, ಸ್ಲೇಟರ್ ಕಿಂಗ್, ರಾಬರ್ಟ್ ಸ್ವಾನ್ ಮತ್ತಿತರರು 'ನ್ಯೂ ಕಮ್ಯೂನಿಟೀಸ್' ಅಂತ ಒಂದು ಸಂಸ್ಥೆ ಕಟ್ಟಿ ಸುಮಾರು 5,700 ಎಕರೆ ಹಿಡಿದರು. ಜಗತ್ತಿನ ಮೊದಲ ಸಮುದಾಯ ಭೂ ಟ್ರಸ್ಟ್ ಅಂತ ಕರೆಯುವುದು ಅದನ್ನೇ. ಪೋಚಂಪಲ್ಲಿಯ ಬೀಜ ಅಲ್ಲಿ ಮೊಳೆಯಿತು.

ಅವರ ಮುಂದಿನ ಕತೆಯೂ ನಮಗೆ ಬೇಕು. ಜಮೀನು ಸಾಲದ ಮೇಲೆ ಕೊಂಡದ್ದು. ಮುಂದೆ ಬರಗಾಲ ಬಿತ್ತು. ಅಕ್ಕಪಕ್ಕದ ಬಿಳಿಯ ರೈತರಿಗೆ ಸಿಕ್ಕ ತುರ್ತು ಸಾಲ ಇವರಿಗೆ ಸಿಗಲಿಲ್ಲ. 1985ರಲ್ಲಿ ಜಮೀನು ಜಪ್ತಿಯಾಗಿ ಕೈಬಿಟ್ಟುಹೋಯಿತು. 2009ರಲ್ಲಿ, ಆ ತಾರತಮ್ಯ ನಿಜ ಅಂತ ಒಪ್ಪಿ ಸರ್ಕಾರದಿಂದ 1.2 ಕೋಟಿ ಡಾಲರ್ ಪರಿಹಾರ ಬಂತು. ಆ ಹಣದಿಂದ ಅವರು ಬೇರೆ ಕಡೆ ಮತ್ತೆ ಜಮೀನು ಕೊಂಡರು. ನಾನು ಇದರಿಂದ ತೆಗೆದುಕೊಂಡ ಪಾಠ ಗಟ್ಟಿಯಾದದ್ದು: ಕೆರೆಯ ಟ್ರಸ್ಟ್ ಒಂದು ಗುಂಟೆಯನ್ನೂ ಸಾಲ ಮಾಡಿ ಕೊಳ್ಳಬಾರದು, ಇರುವ ನೆಲವನ್ನು ಅಡ ಇಡಬಾರದು. ಟ್ರಸ್ಟ್ ಡೀಡಿನಲ್ಲೇ ಇದನ್ನು ಬರೆಯಬೇಕು.

ಕೂಡಿ ಹಿಡಿಯುವುದು ನಮ್ಮ ನೆಲಕ್ಕೆ ಹೊಸದಲ್ಲ. ಏಷ್ಯಾದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದಗ ಪಕ್ಕದ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಇನ್ನು ಕುಸನೂರಿನ ಹೆಸರು ಈ ಸಭೆಯಲ್ಲಿ ಹೇಳದೇ ಇರಲಾಗದು. 1984ರಲ್ಲಿ ಸರ್ಕಾರ ಒಂದು ಖಾಸಗಿ ಕಂಪನಿ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಕಟ್ಟಿ, ಊರುಗಳ ಸಾಮೂಹಿಕ ಭೂಮಿ ಸುಮಾರು 30,000 ಹೆಕ್ಟೇರನ್ನು ನೀಲಗಿರಿಗೆ ಕೊಡಲು ಹೊರಟಿತು. ಸಮಾಜ ಪರಿವರ್ತನ ಸಮುದಾಯ ಅನ್ನುವ ಸಂಘಟನೆ ಇದರ ವಿರುದ್ಧ ನಿಂತಿತು. ಶಿವರಾಮ ಕಾರಂತರ ಹೆಸರು ಮುಂದಿಟ್ಟುಕೊಂಡು ಸುಪ್ರೀಂ ಕೋರ್ಟಿಗೂ ಹೋದರು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ಕಂಪನಿಯ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಅದು. ಮುಂದೆ ಕಂಪನಿಯೇ ಮುಚ್ಚಿತು. ಇಲ್ಲಿ ಕೂತ ಹಿರಿಯರಲ್ಲಿ ಕೆಲವರು ಅದನ್ನು ಹತ್ತಿರದಿಂದ ನೋಡಿದವರು. ಕಿತ್ತು ಸುಮ್ನಾಗಲಿಲ್ಲ, ಹಚ್ಚಿದರು. ನಾನು ಕೇಳುತ್ತಿರುವುದು ಆ ಹಚ್ಚುವ ಕೆಲಸವನ್ನು, ಈ ಸಲ ಕಾಗದದ ಮೇಲೆ.

ಈಗ ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನ.

ಕರ್ನಾಟಕದಲ್ಲಿ ಬಹಳ ಕಾಲ ಟ್ರಸ್ಟ್‌ಗಳು ಕೃಷಿ ಜಮೀನು ಕೊಳ್ಳುವ ಹಾಗೇ ಇರಲಿಲ್ಲ. ಭೂಸುಧಾರಣಾ ಕಾಯ್ದೆಯ 79-ಬಿ ಕಲಂ ಅಡ್ಡ ಇತ್ತು. 2020ರ ತಿದ್ದುಪಡಿ ಅದನ್ನು ತೆಗೆಯಿತು. ಆ ತಿದ್ದುಪಡಿಯನ್ನು ರೈತ ಸಂಘಟನೆಗಳು ವಿರೋಧಿಸಿದವು. ದುಡ್ಡಿದ್ದವರು ಹೊಲ ಬಾಚಿಕೊಳ್ಳುತ್ತಾರೆ ಅನ್ನುವ ಅವರ ಭಯ ಸರಿಯಾದದ್ದೇ, ನನಗೂ ಆ ಭಯ ಇದೆ. ಆದರೆ ಕಂಪನಿಗೆ ತೆರೆದ ಅದೇ ಬಾಗಿಲಿನಿಂದ ಊರಿನ ಟ್ರಸ್ಟೂ ಒಳಗೆ ಬರಬಹುದು. ಬಾಗಿಲು ತೆರೆದ ಮೇಲೆ ಅವರಷ್ಟೇ ಯಾಕೆ ಹೋಗಬೇಕು?

ಅಮೆರಿಕದ ಮಾದರಿಯಲ್ಲಿ ಟ್ರಸ್ಟ್ ಜಮೀನು ಕೊಂಡು, ಅದನ್ನು 99 ವರ್ಷಕ್ಕೆ ಲೀಜಿಗೆ ಕೊಡುತ್ತದೆ. ನಮ್ಮಲ್ಲಿ ಅದು ನಡೆಯುವುದಿಲ್ಲ. 1974ರ ಮಾರ್ಚ್ 1ರಿಂದ ಇಲ್ಲಿ ಕೃಷಿ ಜಮೀನು ಗೇಣಿಗೆ ಕೊಡುವುದಕ್ಕೆ ನಿಷೇಧ ಇದೆ. ಊರಲ್ಲಿ ಬಾಯಿಮಾತಿನ ಲಾವಣಿ, ಅಂದರೆ ಗೇಣಿ, ನಡೆಯುತ್ತದೆ, ನಿಜ. ಟ್ರಸ್ಟ್ ಬಾಯಿಮಾತಿನ ಮೇಲೆ ನಿಲ್ಲಬಾರದು. ಹಾಗಾಗಿ ನಾನು ಹೇಳುವುದು, ರೈತನ ಹೊಲ ಪೂರ್ತಿ ಕೊಳ್ಳಲು ಹೋಗಬೇಡಿ. ಹೊಲ ಅವನದ್ದೇ ಇರಲಿ, ಉಳುಮೆ ಅವನದ್ದೇ ಇರಲಿ. ಟ್ರಸ್ಟ್ ಎರಡು ಕೆಲಸ ಮಾಡಲಿ.

ಮೊದಲನೆಯದು, ಹಳ್ಳದ ದಂಡೆಯನ್ನಷ್ಟೇ ಕೊಳ್ಳುವುದು. ಲೆಕ್ಕ ಹಾಕಿ. ಒಂದು ಕಿಲೋಮೀಟರ್ ಉದ್ದದ ಹಳ್ಳ. ಎರಡೂ ಬದಿಗೆ 15-15 ಮೀಟರ್ ಅಂದರೆ ಒಟ್ಟು 30 ಮೀಟರ್ ಅಗಲ. 30,000 ಚದರ ಮೀಟರ್, ಮೂರು ಹೆಕ್ಟೇರ್, ಏಳೂವರೆ ಎಕರೆಗೂ ಸ್ವಲ್ಪ ಕಡಿಮೆ. ಕೆರೆಯ ಹೆಸರು ಹೇಳಿದ ಕೂಡಲೇ ಜನ ನೂರಾರು ಎಕರೆ ಅಂತ ಹೆದರುತ್ತಾರೆ. ಕೆರೆಯ ಪ್ರಾಣ ಇರುವುದು ಈ ಏಳು ಎಕರೆಯಲ್ಲಿ. ಅಲ್ಲಿ ಹುಲ್ಲು, ಹೊಂಗೆ, ಲಕ್ಕಿ ಬೆಳೆಯಲು ಬಿಟ್ಟರೆ ಮಣ್ಣು ಅಲ್ಲೇ ನಿಲ್ಲುತ್ತದೆ, ಕೆರೆಗೆ ಹೂಳು ಕಡಿಮೆ. ಹೊಲದ ಅಂಚಿನ ಇಂಥ ಪಟ್ಟಿಯನ್ನು ಬಹಳ ರೈತರು ಮಾರಲು ಒಪ್ಪುತ್ತಾರೆ, ಯಾಕೆಂದರೆ ಅದು ಪ್ರತಿ ಮಳೆಗೆ ಕೊರೆದು ಹೋಗುವ ನೆಲ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದರಿಂದ 11-ಇ ನಕ್ಷೆ, ಅಂದರೆ ಆ ಭಾಗವನ್ನು ಅಳೆದು ಗುರುತಿಸಿದ ಸರ್ವೆ ನಕ್ಷೆ, ಮಾಡಿಸಬೇಕು. ಅದಿಲ್ಲದೆ ಖರೀದಿ ನೋಂದಣಿ ಆಗುವುದಿಲ್ಲ.

ಎರಡನೆಯದು, ಪಕ್ಕದ ಹೊಲದವರ ಜೊತೆ ಕರಾರು. 'ನಾನು ಈ ಜಮೀನಿನಲ್ಲಿ ಬಡಾವಣೆ ಮಾಡುವುದಿಲ್ಲ, ಹಳ್ಳದ ಹರಿವು ತಡೆಯುವುದಿಲ್ಲ, ಮೊರಂ ತೆಗೆಯುವುದಿಲ್ಲ' ಅಂತ. ಅದಕ್ಕೆ ಟ್ರಸ್ಟ್ ಅವನಿಗೆ ಹಣ ಕೊಡಬೇಕು. ಧರ್ಮಕ್ಕೆ ಕೇಳಬಾರದು. ಇದು ಕಾನೂನಿನಲ್ಲಿ ನಿಲ್ಲುವುದು ಹೇಗೆ? 1882ರ ಆಸ್ತಿ ವರ್ಗಾವಣೆ ಕಾಯ್ದೆಯ 40ನೇ ಕಲಂ ಇದೆ. ನನ್ನ ಜಮೀನಿನ ಒಳ್ಳೆಯದಕ್ಕಾಗಿ ಪಕ್ಕದ ಜಮೀನಿನವನು ಇಂಥದ್ದು ಮಾಡುವುದಿಲ್ಲ ಅಂತ ಒಪ್ಪಿದ್ದರೆ, ಅದು ಗೊತ್ತಿದ್ದೂ ಆ ಜಮೀನು ಕೊಂಡವನ ಮೇಲೂ ಆ ಕಟ್ಟು ಹೋಗುತ್ತದೆ. ಇದರಲ್ಲಿ ಮೂರು ಮಾತು ಮರೆಯಬಾರದು. ಟ್ರಸ್ಟ್‌ಗೆ ಪಕ್ಕದಲ್ಲೇ ಸ್ವಂತ ನೆಲ ಇರಬೇಕು. ಆ ದಂಡೆಯ ಪಟ್ಟಿ ಬೇಕೇ ಬೇಕು ಅಂದದ್ದು ಇದಕ್ಕೇ. ಷರತ್ತು 'ಮಾಡಬಾರದು' ಅನ್ನುವ ಧಾಟಿಯಲ್ಲಿರಬೇಕು. 'ಪ್ರತಿ ವರ್ಷ ಗಿಡ ನೆಡುತ್ತೇನೆ' ಅನ್ನುವಂಥದ್ದು ಮುಂದಿನ ಖರೀದಿದಾರನನ್ನು ಕಟ್ಟಿಹಾಕುವುದಿಲ್ಲ. ಮತ್ತೆ, ಕರಾರು ನೋಂದಣಿ ಆಗಿ ಇಸಿಯಲ್ಲಿ (ಋಣಭಾರ ಪ್ರಮಾಣಪತ್ರದಲ್ಲಿ) ಕಾಣಬೇಕು, ಇಲ್ಲವಾದರೆ 'ನನಗೆ ಗೊತ್ತಿರಲಿಲ್ಲ' ಅಂತ ಅವನು ನುಣುಚಿಕೊಳ್ಳುತ್ತಾನೆ. 'ಎಂದೆಂದಿಗೂ ಮಾರಬಾರದು' ಅಂತ ಮಾತ್ರ ಬರೆಸಲು ಹೋಗಬೇಡಿ. ಅದೇ ಕಾಯ್ದೆಯ 10ನೇ ಕಲಂ ಪ್ರಕಾರ ಅದು ಊರ್ಜಿತ ಅಲ್ಲ. ಮಾರಲಿ, ಬೇಕಾದರೆ ಮಾರಲಿ. ಕಟ್ಟು ಹೊಲದ ಜೊತೆ ಹೋಗುತ್ತದೆ.

ದಾನ ಕೊಡುವವರೂ ಸಿಗುತ್ತಾರೆ. ಮಕ್ಕಳು ಪುಣೆ, ಬೆಂಗಳೂರು ಸೇರಿ, ಊರಲ್ಲಿ ಎರಡು ಎಕರೆ ಬೀಳು ಬಿದ್ದಿರುವ ಮನೆತನಗಳು ಬಹಳ ಇವೆ. ಅವರ ದಾನಪತ್ರ ಮಾಡಿಸುವಾಗ ವಾರಸುದಾರರೆಲ್ಲರ ಸಹಿ ಪಡೆಯಿರಿ, ಹೆಣ್ಣುಮಕ್ಕಳದ್ದು ಮೊದಲು. 2005ರ ನಂತರ ಪಿತ್ರಾರ್ಜಿತದಲ್ಲಿ ಅವರಿಗೂ ಸಮಪಾಲಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಕೈ ಹಾಕಬೇಡಿ. ಇಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅದನ್ನು ಕಾಯುತ್ತದೆ, ಕಾಯಲೇಬೇಕು. ಕೆರೆಯ ಹೆಸರಿನಲ್ಲಿ ಬಡವರ ನೆಲ ಹೋಗುವುದನ್ನು ನಾನು ಒಪ್ಪುವುದಿಲ್ಲ.

ಮಾಗಡಿ ಕೆರೆಯನ್ನು ನೋಡಿ ಬನ್ನಿ, ನಾನು ಹೇಳುತ್ತಿರುವುದು ಕಣ್ಣಿಗೇ ಕಾಣುತ್ತದೆ. ಶಿರಹಟ್ಟಿ ತಾಲೂಕಿನದ್ದು. ಸುಮಾರು 50 ಹೆಕ್ಟೇರ್, ನೀರಾವರಿಗೆ ಕಟ್ಟಿದ ಕೆರೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಬರುತ್ತವೆ. ಟಿಬೆಟ್, ಮಂಗೋಲಿಯಾ ಕಡೆಯಿಂದ, ಹಿಮಾಲಯ ದಾಟಿ. 2024ರ ಜನವರಿಯಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು, ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ. ಅದಕ್ಕೆ ಮೊದಲು ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದದ್ದು ರಂಗನತಿಟ್ಟು ಒಂದೇ. ದಂಡೆಯ ಮೇಲೆ ನಿಂತರೆ ಹಗಲು ಹೊತ್ತು ಹಕ್ಕಿಗಳು ನೀರಿನಲ್ಲಿ ತೇಲುತ್ತ, ದಂಡೆಯಲ್ಲಿ ಒಂಟಿಕಾಲಲ್ಲಿ ನಿಂತು ವಿಶ್ರಾಂತಿ ತೆಗೆದುಕೊಳ್ಳುತ್ತಿರುತ್ತವೆ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು. ಹೊತ್ತು ಇಳಿಯುತ್ತಿದ್ದಂತೆ ಒಂದು ಗುಂಪು ಕೂಗುತ್ತ ಏಳುತ್ತದೆ, ಅದರ ಹಿಂದೆ ಇನ್ನೊಂದು. ಹೋಗುವುದು ಸುತ್ತಲಿನ ಹೊಲಗಳಿಗೆ, ಮೇಯಲು. ಅವು ಕೆರೆಯಲ್ಲಿ ಮಲಗುತ್ತವೆ, ಹೊಲದಲ್ಲಿ ಉಣ್ಣುತ್ತವೆ. ಸಂರಕ್ಷಣೆಯ ಗೆರೆ ಎಳೆದಿರುವುದು ಕೆರೆಗೆ. ಆ ಹೊಲಗಳಲ್ಲಿ ನಾಳೆ ಪ್ಲಾಟು ಬಂದರೆ ರಾಮ್ಸಾರ್ ಬೋರ್ಡ್ ನೋಡಿಕೊಂಡು ಹಕ್ಕಿ ಬರುವುದಿಲ್ಲ.

ವನ್ಯಜೀವಿ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ ಇದಕ್ಕೆಂದೇ ಒಂದು ಅವಕಾಶ ಬಂತು. 36-ಸಿ ಕಲಂ, ಸಮುದಾಯ ಮೀಸಲು. ಖಾಸಗಿ ನೆಲದವರು, ಊರಿನವರು ತಾವಾಗಿ ಮುಂದೆ ಬಂದರೆ ಸರ್ಕಾರ ಅದನ್ನು ಘೋಷಿಸಬಹುದು, ಒಡೆತನ ಅವರದ್ದೇ. ಮದ್ದೂರು ತಾಲೂಕಿನ ಕೊಕ್ಕರೆಬೆಳ್ಳೂರು ಹೀಗೆ ಆದದ್ದು. ಅಲ್ಲಿ ಹಕ್ಕಿ ಗೂಡು ಕಟ್ಟುವ ಹುಣಸೆಮರಗಳು ಊರಿನವರದ್ದು, ಮರದ ಮಾಲೀಕರಿಗೆ ಅರಣ್ಯ ಇಲಾಖೆ ಹಣ ಕೊಡುತ್ತದೆ. ಟ್ರಸ್ಟ್ ನೆಲ ಮತ್ತು ಕರಾರಿನ ಹೊಲಗಳು ಒಂದಕ್ಕೊಂದು ತಾಗುವಷ್ಟು ಆದ ಮೇಲೆ, ಹಕ್ಕಿ ಇರುವ ಕೆರೆಗಳಲ್ಲಿ ಇದನ್ನು ಕೇಳಬೇಕು.

ಒಂದು ವಿಷಯದಲ್ಲಿ ನಾನು ಕೆಲವು ಗೆಳೆಯರ ಜೊತೆ ಒಪ್ಪುವುದಿಲ್ಲ, ಇಲ್ಲೇ ಹೇಳಿಬಿಡುತ್ತೇನೆ. ಕೆರೆ ಉಳಿಸುವುದು ಅಂದರೆ ಸುತ್ತ ಬೇಲಿ, ಕಾಂಕ್ರೀಟ್ ದಂಡೆ, ವಾಕಿಂಗ್ ಪಾತ್, ಲೈಟು ಅಂತ ಆಗಿದೆ. ನೇರ ಕಾಂಕ್ರೀಟ್ ಗೋಡೆಯ ದಂಡೆಯಲ್ಲಿ ಹಕ್ಕಿ ಇಳಿಯುವುದಕ್ಕೆ ಜಾಗವಿಲ್ಲ, ಎಮ್ಮೆ ಇಳಿಯುವುದಕ್ಕೂ ಇಲ್ಲ. ಕುರಿ ಕಾಯುವವರು, ಮೀನು ಹಿಡಿಯುವವರು, ಬಟ್ಟೆ ಒಗೆಯುವವರು ಹೊರಗೆ, ಟಿಕೆಟ್ ತೆಗೆದುಕೊಂಡವರು ಒಳಗೆ. ಹಾಗೆ ಮಾಡುವ ಟ್ರಸ್ಟ್‌ಗೆ ನನ್ನ ಸಹಿ ಇಲ್ಲ. ಆಡಳಿತ ಮಂಡಳಿಯಲ್ಲಿ ಮೂರನೇ ಒಂದು ಪಾಲು ಕರಾರು ಕೊಟ್ಟ ರೈತರು, ಒಂದು ಪಾಲು ಕೆರೆಯನ್ನೇ ನಂಬಿದ ಈ ಜನ, ಉಳಿದ ಪಾಲು ಪಂಚಾಯ್ತಿಯವರು ಮತ್ತು ತಿಳಿದವರು ಇರಲಿ. ಅಮೆರಿಕದ ಟ್ರಸ್ಟ್‌ಗಳಲ್ಲೂ ಇದೇ ಮೂರು ಪಾಲಿನ ಪದ್ಧತಿ ಇದೆ. ಅದು ಕೆಲಸ ಮಾಡಿದೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತೇನೆ.

ನವಲೂರ ಕಡೆಯ ರೈತರೊಬ್ಬರು ಕೇಳಿದರು: "ಈಗ ನಮ್ಮ ಹೊಲಕ್ಕ ರೇಟ್ ಬಂದೈತ್ರಿ. ಮಗಳ ಮದುವಿ ಐತಿ, ಸಾಲ ಐತಿ. ನೀವು ಬಂದು ಕರಾರು ಮಾಡ್ರಿ ಅಂದ್ರ ನಾ ಯಾಕ ಮಾಡ್ಲಿ?"

ಅಣ್ಣಾವ್ರೇ, ಪ್ಲಾಟಿನ ರೇಟು ಬಂದ ಹೊಲಕ್ಕೆ ಟ್ರಸ್ಟ್ ಪೈಪೋಟಿ ಕೊಡಲಾರದು. ಅದನ್ನು ಒಪ್ಪಿಕೊಂಡೇ ಹೇಳುತ್ತೇನೆ. ಅದಕ್ಕೇ ಶುರು ಮಾಡಬೇಕಾದದ್ದು ರೇಟು ಇನ್ನೂ ಬಾರದ ಊರುಗಳಲ್ಲಿ: ಕಲಘಟಗಿ, ಕುಂದಗೋಳ, ಹಾನಗಲ್, ಶಿರಹಟ್ಟಿ ಕಡೆ. ನಿಮ್ಮ ಹೊಲದ ವಿಷಯಕ್ಕೆ ಬಂದರೆ, ಹಳ್ಳದ ದಂಡೆಯ ಪಟ್ಟಿ ಬೇರೆ ಮಾಡಿ ಟ್ರಸ್ಟ್‌ಗೆ ಮಾರಿ, ಉಳಿದದ್ದು ನಿಮ್ಮ ಇಷ್ಟ. ಮದುವೆಗೆ ಬೇಕಾದ ದುಡ್ಡಿಗೆ ನಾನು ನಿಮಗೆ ಉಪದೇಶ ಮಾಡಲಾರೆ.

ಇನ್ನೊಬ್ಬರು ಕೇಳಿದ್ದು: ಸರ್ಕಾರವೇ ರಸ್ತೆಗೋ ಕೈಗಾರಿಕೆಗೋ ಟ್ರಸ್ಟ್‌ನ ಜಮೀನು ಸ್ವಾಧೀನ ಮಾಡಿಕೊಂಡರೆ?

ಮಾಡಬಹುದು. ಟ್ರಸ್ಟ್ ಅದನ್ನು ಪೂರ್ತಿ ತಡೆಯುವ ಗೋಡೆ ಅಲ್ಲ. ಆದರೆ ನಕಾಶೆಯ ಮೇಲೆ ಒಬ್ಬ ಮಾಲೀಕ ಇರುತ್ತಾನೆ, ಅವನಿಗೆ ನೋಟಿಸ್ ಕೊಡಲೇಬೇಕು, 2013ರ ಕಾಯ್ದೆಯಡಿ ನಡೆಯುವ ಸ್ವಾಧೀನವಾದರೆ ಅವನ ತಕರಾರು ಕೇಳಲೇಬೇಕು. ಒಡೆಯನಿಲ್ಲದ ಹಳ್ಳಕ್ಕೆ ಇವತ್ತು ಯಾರೂ ನೋಟಿಸ್ ಕೊಡುವುದಿಲ್ಲ.

ಕೊನೆಗೆ ಒಬ್ಬ ತಾಯಿ ಎದ್ದು ಕೇಳಿದರು, ಎಲ್ಲರ ಮನಸ್ಸಿನಲ್ಲಿದ್ದದ್ದು: "ಟ್ರಸ್ಟಿಗಳೇ ಮುಂದ ಕೂಡಿ ಮಾರಿಕೊಂಡ್ರ?"

ಬಹಳ ಸರಿಯಾದ ಪ್ರಶ್ನೆ, ಅವ್ವಾ. ಊರಿನ ಆಸ್ತಿ ಹೀಗೆ ಹೋದದ್ದನ್ನು ಎಲ್ಲರೂ ನೋಡಿದ್ದೇವೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ ಇದಕ್ಕೆಂದೇ ಇದೆ. ಸಾರ್ವಜನಿಕ ಟ್ರಸ್ಟ್‌ನಲ್ಲಿ ನಂಬಿಕೆದ್ರೋಹ ಆದರೆ, ಅದರಲ್ಲಿ ಹಿತಾಸಕ್ತಿ ಇರುವ ಇಬ್ಬರು ಅಥವಾ ಹೆಚ್ಚು ಜನ ಕೋರ್ಟಿನ ಅನುಮತಿ ಪಡೆದು ದಾವೆ ಹಾಕಬಹುದು. ಟ್ರಸ್ಟಿಗಳನ್ನು ತೆಗೆಸಬಹುದು, ಲೆಕ್ಕ ಕೇಳಬಹುದು. ಇಬ್ಬರು ಸಾಕು. ಆ ಇಬ್ಬರಿಗೆ ಹಿತಾಸಕ್ತಿ ಇದೆ ಅಂತ ಕೋರ್ಟ್ ಒಪ್ಪಬೇಕಲ್ಲ, ಅದಕ್ಕೆ ಟ್ರಸ್ಟ್ ಡೀಡಿನ ಮೊದಲ ಪುಟದಲ್ಲೇ ಫಲಾನುಭವಿಗಳು ಯಾರು ಅಂತ ಬಿಡಿಸಿ ಬರೆಸಿ. 'ಸಾರ್ವಜನಿಕರು' ಅಂತ ಒಂದೇ ಪದ ಹಾಕಿ ಬಿಡಬೇಡಿ. ಕೆರೆಯಲ್ಲಿ ದನಕ್ಕೆ ನೀರು ಕುಡಿಸುವವರು, ಮೀನು ಹಿಡಿಯುವವರು, ಬಟ್ಟೆ ಒಗೆಯುವವರು, ಕೆರೆಯ ಕೆಳಗಿನ ಬಾವಿಯವರು, ಹಳ್ಳದ ಎರಡೂ ದಂಡೆಯ ಹೊಲದವರು, ಅವರ ಮಕ್ಕಳು. ಹೀಗೆ ಬರೆಸಿದರೆ ಮುಂದೆ ಯಾವತ್ತೋ ಒಬ್ಬ ಕುರಿ ಕಾಯುವವನು ಮತ್ತು ಒಬ್ಬ ಹೆಣ್ಣುಮಗಳು ಸೇರಿ ಜಿಲ್ಲಾ ಕೋರ್ಟಿನ ಮೆಟ್ಟಿಲು ಹತ್ತಬಹುದು, ಯಾರ ಶಿಫಾರಸೂ ಬೇಕಿಲ್ಲ. ಡೀಡಿನ ಕರಡು ಬರೆಯಲು ನಾನು ಫೀ ತೆಗೆದುಕೊಳ್ಳುವುದಿಲ್ಲ. ಬರುವಾಗ ನಿಮ್ಮ ಊರಿನ ಗ್ರಾಮ ನಕಾಶೆ, ಹಳ್ಳ ಹಾಯುವ ಎಲ್ಲ ಸರ್ವೆ ನಂಬರುಗಳ ಉತಾರ ತನ್ನಿ. ಸರ್ವೆ ನಂಬರ್ ಗೊತ್ತಿಲ್ಲವಾದರೆ ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಹಳ್ಳದ ಗುಂಟ ನಡೆಯಿರಿ, ನಿಂತ ಜಾಗದ ನಂಬರ್ ಅದೇ ತೋರಿಸುತ್ತದೆ.